ಚೋಮನ ದುಡಿಯೂ ಅವನ ಎತ್ತುಗಳೂ

ಶಾಲೆಯ ಗಂಟೆಯ ನಾದವನ್ನು ಮರೆತ ಹಳೆ ವಿದ್ಯಾರ್ಥಿನಿಯು ನಮ್ಮಲ್ಲಿ ಒಬ್ಬಳೂ ಇರಲಾರಳು. ಅದು ಕೇಳಿಸಿದೊಡನೆ ಹರಟೆಯು ನಿಂತು ಸಾಲುಗಳು ಕಟ್ಟಲ್ಪಡುತ್ತಿದ್ದವು. ಆ ಬಲವು ಕಂಚಿನಲ್ಲಿರಲಿಲ್ಲ, ಕೇಳುವವರೆಲ್ಲರ ಒಪ್ಪಿಗೆಯಲ್ಲಿತ್ತು. ಆಂಗ್ಲ ಗ್ರಂಥಕರ್ತರಾದ ವಿಲಿಯಂ ಗೋಲ್ಡಿಂಗರು 1954ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದಿ ಫ್ಲೈಸ್’ ಎಂಬ ಕಾದಂಬರಿಯಲ್ಲಿ, ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರಿಗೆ ಒಂದು ಶಂಖವು ಅಂಥ ಗಂಟೆಯಾಗುವದು. ಅದನ್ನು ಕೈಯಲ್ಲಿ ಹಿಡಿದವನಿಗೆ ಸಭೆಯಲ್ಲಿ ಮಾತಾಡುವ ಹಕ್ಕುಂಟು. ಕ್ರಮವು ಪೂರ್ತಿ ಕೆಟ್ಟ ದಿನ ಶಂಖವು ಚೂರಾಗುವದು. ಹಿಡಿದಿದ್ದ ಹುಡುಗನೂ ಸಾಯುವನು.

ಆದರೆ ಕ್ರಮವು ಕೆಡದೆಯೇ ಮನುಷ್ಯನು ಹಾಳಾಗುವದುಂಟೋ? ಇದಕ್ಕೆ ಉತ್ತರವು ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ ಪುಸ್ತಕದಲ್ಲಿದೆ. ಕೋಟ ಶಿವರಾಮ ಕಾರಂತರ ‘ಚೋಮನ ದುಡಿ’ಯು 1933ರಲ್ಲಿ ಬಂದಿತು. ಚೋಮನು ಅಸ್ಪೃಶ್ಯನೆಂದು ದೂರವಿಡಲ್ಪಟ್ಟ ಮೂಲದಾಳು. ಅವನ ಗುಡಿಸಲಲ್ಲಿ ಎಣಿಸತಕ್ಕ ಸೊತ್ತು ಎರಡೇ: ಒಂದು ಜೊತೆ ಎತ್ತು, ಒಂದು ದುಡಿ.

ಎತ್ತುಗಳು ಅವನಿಗೆ ಕೇವಲ ಪಶುಗಳಲ್ಲ. ಗೇಣಿಗೆ ಗದ್ದೆ ಹಿಡಿದು ಬೇಸಾಯ ಮಾಡುವವನೇ ಊರಿನ ಲೆಕ್ಕಕ್ಕೆ ಸೇರಿದ ಮನುಷ್ಯನು. ಎತ್ತುಗಳು ಆ ಲೆಕ್ಕದೊಳಗೆ ಹೋಗುವ ಬಾಗಿಲು. ಸಾಲಕ್ಕಾಗಿ ಮಕ್ಕಳನ್ನು ಘಟ್ಟದ ಕಾಫಿ ತೋಟಕ್ಕೆ ಕಳುಹಿಸಿದರೂ ಅವನು ಎತ್ತುಗಳನ್ನು ಬಿಡಲೊಲ್ಲನು. ಧಣಿ ಸಂಕಪ್ಪಯ್ಯನು ಕ್ರೂರನಲ್ಲ, ಮನಸ್ಸಿನಲ್ಲಿ ಮರುಗುವವನೇ. ಆದರೆ ಹೊಲೆಯನಿಗೆ ಗದ್ದೆ ಕೊಡುವ ಪದ್ಧತಿಯಿಲ್ಲ. ಪದ್ಧತಿಯನ್ನು ಮುರಿಯುವ ಧೈರ್ಯವೂ ಅವನಿಗಿಲ್ಲ. (1974ರ ಭೂಸುಧಾರಣೆಯ ಕಾನೂನು ನಮ್ಮ ಜಿಲ್ಲೆಯಲ್ಲಿ ಅನೇಕ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಚೋಮನಂಥವನು ಆಗ ಬದುಕಿದ್ದರೂ ತೋರಿಸಲು ಅವನ ಹೆಸರಿನಲ್ಲಿ ಗೇಣಿಯೇ ಇರುತ್ತಿರಲಿಲ್ಲ.)

ಕಿರಿಯ ಮಗ ನೀಲನು ಹೊಳೆಯಲ್ಲಿ ಮುಳುಗುವ ಪ್ರಸಂಗವನ್ನು ತಾಯಂದಿರು ಒಮ್ಮೆ ಓದಿ ನೋಡಬೇಕು. ದಡದಲ್ಲಿ ಜನರಿದ್ದಾರೆ, ಮುಟ್ಟಬಾರದೆಂಬ ನಿಯಮವೂ ಅಲ್ಲಿಯೇ ಇದೆ. ದ್ವೀಪದ ಹುಡುಗರು ನಿಯಮವನ್ನು ಒಡೆದು ಒಂದು ಜೀವವನ್ನು ತೆಗೆದರು. ಇಲ್ಲಿ ನಿಯಮವು ಒಡೆಯದೆ ಉಳಿಯುವದು, ಮಗುವು ಉಳಿಯುವದಿಲ್ಲ. ಇಂಥದನ್ನು ನಾಗರಿಕತೆಯೆನ್ನಲು ನನ್ನ ನಾಲಗೆಯು ಏಳದು.

ಇನ್ನು ದುಡಿ. ಸಂತೋಷವಾಗಲಿ ಸಂಕಟವಾಗಲಿ, ಚೋಮನ ಕೈಯು ಅದರ ಮೇಲೆ ಹೋಗುವದು. ಶಂಖಕ್ಕೆ ಕಿವಿಗೊಡುವ ಸಭೆಯಿತ್ತು, ದುಡಿಗೆ ಸಭೆಯಿಲ್ಲ. ಧಣಿಯ ಮನೆಗೆ ಅದು ಕಾಡಿನಾಚೆಯ ಸದ್ದು. ಆದರೂ ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋದ ಆ ಗುಡಿಸಲಲ್ಲಿ ತಾಳ ತಪ್ಪದೆ ನಡೆಯುವ ಸಂಗತಿಯು ಅದೊಂದೇ. ಹೊರಗಿನವರು ಯಾವದನ್ನು ಕಾಡುತನವೆಂದರೋ ಅದೇ ಅವನ ಮನೆಯ ಕ್ರಮವಾಗಿತ್ತೆಂದು ನನ್ನ ಎಣಿಕೆ.

ಮತವನ್ನು ಬದಲಾಯಿಸಿದರೆ ಭೂಮಿ ಸಿಕ್ಕೀತೆಂದು ಚೋಮನು ಒಮ್ಮೆ ಹೊರಡುವನು; ದಾರಿಯಲ್ಲಿ ತನ್ನ ದೈವದ ನೆನಪು ತಡೆದು ಹಿಂದಿರುಗುವನು. ಯಾರೂ ಅವನ ಕೈಹಿಡಿದು ನಿಲ್ಲಿಸಲಿಲ್ಲ. ಊರಿನ ಕಟ್ಟಳೆಯು ಧಣಿಯ ಚಾವಡಿಯಲ್ಲಿದ್ದಂತೆ ಅವನ ಎದೆಯಲ್ಲಿಯೂ ಬೇರುಬಿಟ್ಟಿತ್ತು.

ಮರಳಿ ಬಂದಾಗ ಮನೆಯಲ್ಲಿ ಕಂಡದ್ದು ಮಗಳು ಬೆಳ್ಳಿಯ ಅವಮಾನ. ಆ ರಾತ್ರಿ ಅವನು ಎತ್ತುಗಳನ್ನು ಹೊರಕ್ಕೆ ಅಟ್ಟುವನು. ದುಡಿಯನ್ನು ಮಾತ್ರ ಕೈಬಿಡಲಿಲ್ಲ. ಬಾಗಿಲಿಕ್ಕಿಕೊಂಡು, ಉಸಿರಿರುವ ತನಕ ಬಾರಿಸಿದನು.