ಬಾಳೆಗುಳಿಯ ಸುತ್ತಣ ನೆರೆಹೊರೆ

ಇಂಗ್ಲೆಂಡಿನ ಹಳ್ಳಿಯ ಚಿತ್ರವು ನಮ್ಮಲ್ಲಿ ಓದುಬಲ್ಲವರಿಗೆ ಹೊಸದಲ್ಲ. ಊರ ನಡುವೆ ಹಸುರು ಬಯಲು, ಅದರ ಒಂದು ಅಂಚಿಗೆ ಹಳೆಯ ಇಗರ್ಜಿ, ಇನ್ನೊಂದು ಅಂಚಿಗೆ ಜನ ಕಲೆತು ಮಾತನಾಡುವ ಪಾನಗೃಹ, ಸಭೆ ಸಮಾರಂಭಗಳಿಗೊಂದು ಊರಮನೆ, ಇವನ್ನೆಲ್ಲ ನಾವು ಕಾದಂಬರಿಗಳಲ್ಲಿ ಎಷ್ಟೋ ಸಲ ಕಂಡಿದ್ದೇವೆ. 1894ರ ಶಾಸನದಿಂದ 300 ಅಥವಾ ಅದಕ್ಕಿಂತ ಹೆಚ್ಚು ಜನವುಳ್ಳ ಹಳ್ಳಿಗಳಿಗೆಲ್ಲ ಅಲ್ಲಿ ಚುನಾಯಿತ ಗ್ರಾಮಸಭೆಯು ದೊರೆಯಿತು. ಹೆಂಗಸರೂ ಅದರ ಸದಸ್ಯರಾಗಬಹುದಾಗಿದ್ದಿತು. ಇದನ್ನು ಓದಿದಾಗ, ನೆರೆಹೊರೆಯ ಬಾಳು ಎಂಬುದನ್ನು ಅವರಿಂದಲೇ ಕಲಿಯಬೇಕೆಂದು ನಮ್ಮಲ್ಲಿ ಕೆಲವರಿಗೆ ತೋರುವುದುಂಟು. ಕಲಿಯತಕ್ಕದ್ದು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ದೂರದ ಹಳ್ಳಿಯನ್ನು ಮೆಚ್ಚುವ ಕಣ್ಣು ಹತ್ತಿರದ ಹಳ್ಳಿಯನ್ನೂ ಒಮ್ಮೆ ನೋಡಲೆಂಬುದೇ ಈ ಭಾಷಣದ ಉದ್ದೇಶ. ಅದಕ್ಕಾಗಿ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಸೀಮೆಗೆ, ಬಾಳೆಗುಳಿ ಎಂಬ ಊರಿನ ಸುತ್ತಮುತ್ತಲಿಗೆ, ಕೇಳುಗರನ್ನು ಕರೆದುಕೊಂಡು ಹೋಗುತ್ತೇವೆ.

ಬಾಳೆಗುಳಿಯ ಹೆಸರನ್ನು ಬಲ್ಲವರಲ್ಲಿ ಬಹುಮಂದಿ ಅದನ್ನು ಒಂದು ಕೂಡುದಾರಿಯೆಂದು ಬಲ್ಲರು. ಕರಾವಳಿಯ ಹೆದ್ದಾರಿಯನ್ನು ಹುಬ್ಬಳ್ಳಿಯ ಹೆದ್ದಾರಿಯು ಕೂಡುವುದು ಇಲ್ಲಿಯೇ. ಮೂಡಣಕ್ಕೆ ಹೊರಟ ಬಂಡಿಗಳು ಅರಬೈಲು ಘಟ್ಟವನ್ನು ಹತ್ತಿ ಯಲ್ಲಾಪುರದ ಕಾಡನ್ನು ಹೊಗುವುವು. ಹಗಲಿರುಳೂ ಲಾರಿಗಳ ಸದ್ದು. ಆದರೆ ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ ಸರಿದರೆ ತೆಂಗಿನ ತೋಟ, ಗದ್ದೆ, ಕಿರಿದಾದ ಕಾಲುದಾರಿಗಳು ಎದುರಾಗುವುವು. ಹಾಲಕ್ಕಿ ಒಕ್ಕಲಿಗರು, ನಾಡವರು, ಕೋಮಾರಪಂತರು, ಅಂಬಿಗರು, ಖಾರ್ವಿಗಳು, ಆಗೇರರು, ಕೊಂಕಣಿ ಮಾತನಾಡುವವರು, ಹೀಗೆ ಅನೇಕ ಜನವರ್ಗದವರು ಈ ಸೀಮೆಯಲ್ಲಿ ಒತ್ತೊತ್ತಾಗಿ ನೆಲಸಿರುವರು. ಒಬ್ಬನ ಗದ್ದೆಯ ನೀರು ಇನ್ನೊಬ್ಬನ ಗದ್ದೆಗೆ ಇಳಿಯಬೇಕು; ಒಬ್ಬಳು ಹಿಡಿದ ಮೀನು ಇನ್ನೊಬ್ಬಳ ಒಲೆಯನ್ನು ಸೇರಬೇಕು. ಇಲ್ಲಿ ನೆರೆಹೊರೆಯು ಬಾಳಿನ ಅಗತ್ಯ.

ಮೊದಲು ಹಾಲಕ್ಕಿಗಳ ಕೊಪ್ಪವನ್ನು ನೋಡೋಣ. ಹತ್ತಿರ ಹತ್ತಿರವಾಗಿ ಕಟ್ಟಿದ ಮನೆಗಳ ಗುಂಪಿಗೆ ಕೊಪ್ಪವೆಂದು ಹೆಸರು. ಊರಿಗೆ ಒಬ್ಬ ಗೌಡ. ಅವನಿಗೆ ಆಲೋಚನೆ ಹೇಳಲು ಒಬ್ಬ ಬುಧವಂತ. ಸುದ್ದಿಯನ್ನು ಮನೆಮನೆಗೆ ಮುಟ್ಟಿಸಲು ಒಬ್ಬ ಕೋಲಕಾರ. ಊರುಗಳ ಮೇಲೆ ಸೀಮೆಯ ಗೌಡನುಂಟು. ಗಂಡಹೆಂಡಿರ ಜಗಳ, ಗಡಿಯ ತಕರಾರು, ಮದುವೆಯ ಮಾತು, ಸಾವಿನ ಸುದ್ದಿ, ಎಲ್ಲವೂ ಈ ದಾರಿಯಲ್ಲಿ ಸಾಗುವುವು. ಇಂತಹ ವ್ಯವಸ್ಥೆಯಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಗೌಡನ ಮಾತಿಗೆ ಬೆಲೆ ಬರುವುದು ದಂಡಕ್ಕೆ ಹೆದರಿದುದರಿಂದಲ್ಲ. ಸಾವಿನ ಮನೆಗೆ ನೆರವು ಬೇಕಾದಾಗಲೂ ಮದುವೆಯ ಮನೆಗೆ ಚಪ್ಪರ ಹಾಕಬೇಕಾದಾಗಲೂ ಕೊಪ್ಪದವರೇ ಬರಬೇಕಾದುದರಿಂದ. ಇಂದು ಪಂಚಾಯತಿ, ಪೊಲೀಸು ಠಾಣೆ, ನ್ಯಾಯಾಲಯಗಳು ಬಂದ ಮೇಲೆ ಗೌಡನ ಅಧಿಕಾರವು ಬಹಳ ಮಟ್ಟಿಗೆ ತಗ್ಗಿದೆ. ಆದರೂ ಹಬ್ಬದಲ್ಲಿಯೂ ಮದುವೆಯಲ್ಲಿಯೂ ಅವನ ಸ್ಥಾನ ಉಳಿದುಕೊಂಡಿದೆ.

ಇನ್ನು ಕೂಡಿ ದುಡಿಯುವ ಬಗೆಗೆ ಬರೋಣ. ಈ ಕರಾವಳಿಯ ಅಳಿವೆಗಳ ಬದಿಯಲ್ಲಿ ಗಜನಿ ಎಂಬ ತಗ್ಗು ಭೂಮಿಯುಂಟು. ಸಮುದ್ರದ ಉಬ್ಬರವು ಹೊಳೆಯ ಬಾಯಿಂದ ಒಳಕ್ಕೆ ನುಗ್ಗಿದಾಗ ಉಪ್ಪುನೀರು ಈ ಭೂಮಿಯನ್ನು ಮುಚ್ಚುವುದು. ಇಂತಹ ನೆಲದಲ್ಲಿಯೂ ಬೆಳೆ ತೆಗೆಯುವ ಉಪಾಯವನ್ನು ಇಲ್ಲಿನ ರೈತರು ಕಂಡುಕೊಂಡರು. ಗದ್ದೆಯ ಸುತ್ತ ಮಣ್ಣಿನ ಕಟ್ಟು. ಕಟ್ಟಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು, ಅದಕ್ಕೆ ಜಂತ್ರಡಿ ಎನ್ನುವರು. ಮಳೆಗಾಲಕ್ಕೆ ಮುಂಚೆ ಕಟ್ಟನ್ನು ಭದ್ರಪಡಿಸಿ ಉಬ್ಬರದ ನೀರನ್ನು ಹೊರಗೆ ತಡೆಯುವರು. ಮಳೆಯ ಸಿಹಿನೀರು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಬತ್ತವನ್ನು ಬಿತ್ತುವರು. ಕಗ್ಗವು ಆಳೆತ್ತರಕ್ಕೆ ಬೆಳೆಯುವ ತಳಿ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳಬಲ್ಲದು. ಕುಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಅಲ್ಲಿಯೇ ಬಿಡುವರು. ಬಳಿಕ ಜಂತ್ರಡಿಯನ್ನು ತೆರೆದರೆ ಉಬ್ಬರದೊಡನೆ ಮೀನು ಸಿಗಡಿಗಳು ಒಳಕ್ಕೆ ಬಂದು, ಕೊಳೆತ ಹುಲ್ಲಿನ ಆಶ್ರಯದಲ್ಲಿ ಬೆಳೆಯುವುವು. ಹೀಗೆ ಒಂದೇ ನೆಲವು ಮಳೆಗಾಲದಲ್ಲಿ ಅನ್ನವನ್ನೂ ಬೇಸಗೆಯಲ್ಲಿ ಮೀನನ್ನೂ ಕೊಡುವುದು. ನೆರೆಯ ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ಅಳಿವೆಯ ಮಾಣಿಕಟ್ಟಾ ಎಂಬಲ್ಲಿ, ಈ ಪದ್ಧತಿಯು ಇಂದಿಗೂ ಕಾಣಸಿಗುವುದು.

ಇದರಲ್ಲಿ ನೆರೆಹೊರೆಯ ಮಾತೇನು ಬಂತೆಂದು ಕೇಳಬಹುದು. ಗಜನಿಯ ಒಡೆಯರು ನೂರಾರು ಮಂದಿ. ಕಟ್ಟು ಮಾತ್ರ ಒಂದೇ. ಒಬ್ಬನು ತನ್ನ ಪಾಲಿನ ಮಣ್ಣನ್ನು ಹಾಕದೆ ಸೋಮಾರಿಯಾದರೆ ಉಪ್ಪುನೀರು ಅವನ ಗದ್ದೆಯನ್ನು ಮಾತ್ರ ಆರಿಸಿಕೊಂಡು ನುಗ್ಗುವುದಿಲ್ಲ. ನಟ್ಟಿರುಳಿನಲ್ಲಿ ಕಟ್ಟು ಒಡೆದರೆ ಕೂಗು ಕೇಳಿದವರೆಲ್ಲ ಎದ್ದು ಓಡಬೇಕು. ಬಿತ್ತುವ ದಿನವನ್ನೂ ಬಾಗಿಲು ತೆರೆಯುವ ದಿನವನ್ನೂ ಎಲ್ಲರೂ ಕೂಡಿಯೇ ಗೊತ್ತುಮಾಡಬೇಕು. ಒಬ್ಬನ ತೆನೆ ಹಸುರಾಗಿರುವಾಗ ಇನ್ನೊಬ್ಬನು ಮೀನಿನ ಆಸೆಯಿಂದ ಜಂತ್ರಡಿಯನ್ನು ಎತ್ತುವಂತಿಲ್ಲ. ಮುಯ್ಯಾಳಿನ ಪದ್ಧತಿಯೂ ಇಂತಹುದೇ. ಇಂದು ನಿನ್ನ ನೆಟ್ಟಿಗೆ ನಾನು, ನಾಳೆ ನನ್ನ ನೆಟ್ಟಿಗೆ ನೀನು. ಲೆಕ್ಕವು ಕಾಗದದ ಮೇಲಿಲ್ಲದಿದ್ದರೂ ಯಾರೂ ಅದನ್ನು ಮರೆಯರು. ಗಜನಿಯ ಕಟ್ಟಿಗೆ ಬರದವನ ಮೇಲೆ ಊರಿಗೆ ನಂಬಿಕೆ ಉಳಿಯುವುದಿಲ್ಲ.

ದುಡಿಮೆಯಂತೆಯೇ ನಲಿವಿಗೂ ಕಟ್ಟಳೆಯುಂಟು. ಹೋಳಿಯ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಹಾಲಕ್ಕಿಗಳ ಸುಗ್ಗಿಯ ಮೇಳವು ತಲೆಗೆ ಬಣ್ಣದ ತುರಾಯಿಯನ್ನು ಕಟ್ಟಿ, ಗುಮಟೆಯ ಬಡಿತಕ್ಕೆ ಕುಣಿಯುತ್ತ ಮನೆಯಿಂದ ಮನೆಗೆ ಹೋಗುವುದು. ಮನೆಯವರು ಅಕ್ಕಿ ತೆಂಗಿನಕಾಯಿಗಳನ್ನಿತ್ತು ಹರಸಿಕೊಳ್ಳುವರು. ಇದರೊಡನೆ ಹಗರಣವೆಂಬ ವಿನೋದವೂ ನಡೆಯುವುದು. ವರ್ಷದ ಉದ್ದಕ್ಕೂ ಊರಲ್ಲಿ ಆದ ಸಂಗತಿಗಳನ್ನು, ದೊಡ್ಡವರ ಠೀವಿಯನ್ನು, ಅಧಿಕಾರಿಗಳ ದರ್ಪವನ್ನು ವೇಷ ಕಟ್ಟಿ ಅಣಕಿಸಿ ತೋರಿಸುವರು. ಅಣಕಕ್ಕೆ ಗುರಿಯಾದವನೂ ನಗಲೇಬೇಕು. ಸಿಟ್ಟಾದರೆ ಮರುವರ್ಷ ಅದಕ್ಕೊಂದು ವೇಷ ಸಿದ್ಧವಾಗುವುದು! ಹತ್ತಿರ ಹತ್ತಿರ ಬಾಳುವವರಲ್ಲಿ ಕಹಿ ಕೂಡುವುದು ಸಹಜ. ಅದು ವಿಷವಾಗುವ ಮೊದಲು ನಗೆಯಾಗಿ ಹರಿದುಹೋಗಲೆಂದು ಈ ಏರ್ಪಾಡು ಹುಟ್ಟಿರಬೇಕೆಂದು ನಮಗೆ ತೋರುವುದು. ಮುಂದೆ ವೈಶಾಖದಲ್ಲಿ ಅಂಕೋಲೆಯ ಶಾಂತಾದುರ್ಗೆಯ ಬಂಡಿಹಬ್ಬ ಬರುವುದು. ಸುತ್ತಲ ಊರುಗಳ ಜನ ನೆರೆಯುವ ಆ ಹಬ್ಬದಲ್ಲಿ ಬೇರೆ ಬೇರೆ ಜನವರ್ಗದವರಿಗೆ ಬೇರೆ ಬೇರೆ ಸೇವೆಯು ಗೊತ್ತಾಗಿದೆ.

ಆದರೆ ಹಬ್ಬದ ದಿನ ಕೂಡಿ ಕುಣಿಯುವುದು ಸುಲಭ. ಕಷ್ಟದ ದಿನದಲ್ಲಿ, ಅದರಲ್ಲಿಯೂ ನೆರೆಯವನ ಕಷ್ಟದಿಂದ ತನಗೆ ಲಾಭವಾಗುವಂತಿರುವ ದಿನದಲ್ಲಿ, ಮನುಷ್ಯನು ಹೇಗೆ ನಡೆದುಕೊಳ್ಳುವನೆಂಬುದೇ ನಿಜವಾದ ಪರೀಕ್ಷೆ. ಅಂಕೋಲೆಗೆ ಅಂತಹ ಪರೀಕ್ಷೆ 1930ರಲ್ಲಿ ಬಂದಿತು. ಆಗ ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆ ವರ್ಷದ ಏಪ್ರಿಲಿನಲ್ಲಿ ಇಲ್ಲಿಯ ಕಡಲದಂಡೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅದರ ಬೆನ್ನಿಗೇ ಕರನಿರಾಕರಣೆಯ ಚಳವಳಿ ಹಬ್ಬಿ, 1932ರಲ್ಲಿ ಮತ್ತೆ ಹೊತ್ತಿಕೊಂಡಿತು. ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯವನ್ನು ಕೊಡೆವೆಂದರು. ಬಾಸಗೋಡ, ಸೂರ್ವೆ ಮೊದಲಾದ ಹಳ್ಳಿಗಳ ಹೆಸರು ದೂರದವರೆಗೂ ಕೇಳಿಬಂದಿತು. ಗುಜರಾತಿನ ಬಾರ್ಡೋಲಿಗೆ ಹೋಲಿಸಿ ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿಯೆಂದು ಜನ ಕರೆದರು.

ಸರಕಾರವು ದನಕರು, ಪಾತ್ರೆಪಡಗಗಳನ್ನು ಜಪ್ತಿಮಾಡಿತು. ಅಷ್ಟಕ್ಕೂ ಬಗ್ಗದವರ ಗದ್ದೆಗಳನ್ನು ಲಿಲಾವಿಗೆ ಹಾಕಿತು. ಲಿಲಾವು ಎಂದರೆ ಕೊಳ್ಳುವವನಿಗೆ ಲಾಭದ ಮಾತು. ಪಕ್ಕದ ಗದ್ದೆಯೇ ಅಗ್ಗಕ್ಕೆ ಸಿಕ್ಕುವಂತಿದ್ದಿತು, ಕೂಗುವುದಷ್ಟೇ ತಡ. ಆದರೆ ಊರವರಲ್ಲಿ ಬಹುಮಂದಿ ಕೂಗಲಿಲ್ಲ. ಕೊಂಡವರೂ ಇದ್ದರು, ಇರಲಿಲ್ಲವೆಂದರೆ ಸುಳ್ಳಾಗುವುದು. ಸಿದ್ದಾಪುರದ ಕಡೆಯಲ್ಲಿ ಹೆಂಗಸರು ಇಂತಹ ಕೊಂಡವರ ಮನೆಬಾಗಿಲಲ್ಲಿ ಉಪವಾಸ ಕುಳಿತು, ಬೈಯದೆ, ಕೈಯೆತ್ತದೆ, ನೆರೆಯವನ ನೆಲವನ್ನು ಬಿಟ್ಟುಕೊಡೆಂದು ಬೇಡಿದರು. 1931ರ ಗಾಂಧಿ-ಇರ್ವಿನ್ ಒಪ್ಪಂದವೂ ಮೂರನೆಯವರಿಗೆ ಮಾರಿಹೋದ ಭೂಮಿಯನ್ನು ಹಿಂದಕ್ಕೆ ಕೊಡಿಸಲಿಲ್ಲ. ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಮೇಲೆ, 1938ರ ಶಾಸನದಿಂದ ಮುಟ್ಟುಗೋಲಾದ ಭೂಮಿಗಳನ್ನು ಮರಳಿಸುವ ದಾರಿಯಾಯಿತು. ನಡುವಣ ವರ್ಷಗಳಲ್ಲಿ ನೂರಾರು ಕುಟುಂಬಗಳು ನೆಲವಿಲ್ಲದೆ ಬದುಕಬೇಕಾಯಿತು. ಆ ಕಾಲದಲ್ಲಿ ಅವರಿಗೆ ಗತಿಯಾದುದು ನೆಂಟರ ಮನೆ, ನೆರೆಯವರ ಮನೆ. ಚಳವಳಿಯ ಚರಿತ್ರೆಯಲ್ಲಿ ಜೈಲಿಗೆ ಹೋದವರ ಲೆಕ್ಕವುಂಟು. ಕೂಗಬಹುದಾಗಿದ್ದೂ ಕೂಗದೆ ಸುಮ್ಮನಿದ್ದವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಇಷ್ಟು ಹೇಳಿ ಹಳೆಯ ಹಳ್ಳಿಯೇ ಸ್ವರ್ಗವೆಂದು ನಾವು ಮುಗಿಸಿದರೆ ಅದು ಅರ್ಧ ಸತ್ಯವಾದೀತು. ಕೂಡಿ ದುಡಿದವರೆಲ್ಲ ಕೂಡಿ ಉಣ್ಣಲಿಲ್ಲ. ಆಗೇರರು ಮೊದಲಾದವರನ್ನು ಊರ ಅಂಚಿನಲ್ಲಿಯೇ ಇಟ್ಟಿದ್ದರು. ಗೇಣಿಯ ಒಕ್ಕಲಿಗೂ ಒಡೆಯನಿಗೂ ನಡುವೆ ಇದ್ದುದನ್ನು ನೆರೆಹೊರೆಯೆಂದು ಕರೆಯುವುದು ಕಷ್ಟ. ಈ ಸೀಮೆಯ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿಯವರು ಇದನ್ನು ಚೆನ್ನಾಗಿ ಅರಿತಿದ್ದರು. ಚುಟುಕಗಳ ಕವಿಯೆಂದು ಕನ್ನಡಿಗರೆಲ್ಲ ಬಲ್ಲ ಇವರು ಇಲ್ಲಿಯ ಗೇಣಿದಾರರನ್ನು ಸಂಘಟಿಸಿ, ಅದಕ್ಕಾಗಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಹಳ್ಳಿಗಳ ಮಕ್ಕಳಿಗೆ ಪ್ರೌಢಶಾಲೆಗಳನ್ನು ತೆರೆದರು. ಎಲ್ಲ ಜಾತಿಯ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತ ಮೇಲೆ, ಕೊಪ್ಪದ ಬೇಲಿಯನ್ನು ದಾಟುವ ನೆರೆಹೊರೆಗೆ ದಾರಿಯಾಯಿತು.

ಕಳೆದ ಅರ್ಧ ಶತಮಾನದಲ್ಲಿ ಈ ಬಾಳಿಗೆ ಎರಡು ದೊಡ್ಡ ಪೆಟ್ಟುಗಳು ಬಿದ್ದಿವೆ. ಒಂದು, ಗಜನಿಯದು. 1970ರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯಿಂದ ಸರಕಾರವು ಕಲ್ಲಿನ ಗಟ್ಟಿ ಕಟ್ಟುಗಳನ್ನು ಹಾಕಿಸಿತು. ಉದ್ದೇಶ ಒಳ್ಳೆಯದೇ. ಆದರೆ ವರ್ಷವರ್ಷವೂ ಮಣ್ಣು ಹೊರುವ ಕೆಲಸವು ತಪ್ಪಿದೊಡನೆ, ವರ್ಷವರ್ಷವೂ ಕೂಡುವ ಕಾರಣವೂ ಸಡಿಲಿತು. ಸಿಗಡಿಗೆ ಬೆಲೆ ಬಂದಾಗ ಗುತ್ತಿಗೆದಾರರು ಬಂದರು. ಮೀನಿಗಾಗಿ ಬಾಗಿಲು ತೆರೆಯಬೇಕೆನ್ನುವವರಿಗೂ ಬತ್ತ ಬೆಳೆಯಬೇಕೆನ್ನುವವರಿಗೂ ತಕರಾರು ಹುಟ್ಟಿತು. ಹಲವು ಗಜನಿಗಳಲ್ಲಿ ಬೇಸಾಯವೇ ನಿಂತಿತು. ಇಂಗ್ಲೆಂಡಿನಲ್ಲಿಯೂ ಇಂತಹುದು ನಡೆದಿದೆ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಊರ ಸಾಮಾನ್ಯ ಭೂಮಿಗಳಿಗೆ ಶಾಸನದ ಮೂಲಕ ಬೇಲಿ ಹಾಕಿದಾಗ ಬಡವನು ಹುಲ್ಲುಗಾವಲನ್ನು ಮಾತ್ರವಲ್ಲದೆ ಊರಿನ ಮಾತಿನಲ್ಲಿ ತನಗಿದ್ದ ಪಾಲನ್ನೂ ಕಳೆದುಕೊಂಡನು.

ಇನ್ನೊಂದು ಪೆಟ್ಟು ಸ್ಥಳಾಂತರದ್ದು. 1986ರಲ್ಲಿ ಕಾರವಾರದ ಬಳಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು. 2005ರಲ್ಲಿ ನೆಲೆಯು ನೌಕಾದಳಕ್ಕೆ ಸೇರಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕಡಲಬದಿಯ ಹಳ್ಳಿಗಳ ಸಾವಿರಾರು ಕುಟುಂಬಗಳು ಎದ್ದು ಹೋದುವು. ದೇಶರಕ್ಷಣೆಯ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪರಿಹಾರದ ಲೆಕ್ಕದಲ್ಲಿ ನೆಲಕ್ಕೊಂದು ಬೆಲೆ, ಮನೆಗೊಂದು ಬೆಲೆ, ತೆಂಗಿನ ಮರಕ್ಕೊಂದು ಬೆಲೆ ಉಂಟು. ಮಗು ಹುಟ್ಟಿದಾಗ ಬಿಸಿನೀರು ಕಾಯಿಸಿದ ಪಕ್ಕದ ಮನೆಯ ಮುದುಕಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಹೊಸ ಬಡಾವಣೆಯಲ್ಲಿ ನಿವೇಶನವು ಸಿಕ್ಕಿತು. ನೆರೆಯನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು.

ಹಾಗಾದರೆ ಎಲ್ಲವೂ ಮುಗಿದುಹೋಯಿತೆ? ಹಾಗೆನ್ನಲು ನಮಗೆ ಮನಸ್ಸು ಬಾರದು. 2024ರ ಜುಲೈ 16ರಂದು, ಬಾಳೆಗುಳಿಯ ಮೂಲಕ ಸಾಗುವ ಆ ಕರಾವಳಿಯ ಹೆದ್ದಾರಿಯ ಮೇಲೆಯೇ, ಶಿರೂರಿನಲ್ಲಿ ಗುಡ್ಡ ಕುಸಿಯಿತು. ದಾರಿಬದಿಯ ಚಹದಂಗಡಿಯೂ ಅದರ ಕುಟುಂಬವೂ, ನಿಂತಿದ್ದ ವಾಹನಗಳೂ ಮಣ್ಣಿನೊಡನೆ ಗಂಗಾವಳಿ ಹೊಳೆಗೆ ಜಾರಿದುವು. ಹೊಳೆಯ ನೀರು ಎದುರುದಂಡೆಯ ಉಳುವರೆಗೆ ಅಪ್ಪಳಿಸಿ ಮನೆಗಳನ್ನು ಕೆಡವಿತು. ಸಿಕ್ಕಿಕೊಂಡವರಲ್ಲಿ ಕೇರಳದ ಲಾರಿ ಚಾಲಕನೊಬ್ಬನಿದ್ದನು. ಅವನ ದೇಹವು ದೊರೆತುದು ಎರಡು ತಿಂಗಳ ಮೇಲೆ, ಸೆಪ್ಟೆಂಬರಿನ ಕೊನೆಯಲ್ಲಿ. ಸೈನ್ಯ, ನೌಕಾದಳಗಳೊಡನೆ ಮಲ್ಪೆಯ ಮುಳುಗುಗಾರರೂ ಬಂದು ಸೆಳೆತದ ಕೆಂಪುನೀರಿಗೆ ಇಳಿದರು. ದಾರಿಹೋಕನಾಗಿ ಬಂದವನೂ ತಮ್ಮ ನೆರೆಯವನೇ ಎಂದು ಅವರೆಲ್ಲ ತಿಳಿದಂತಿದ್ದಿತು.

ನಗರಗಳಲ್ಲಿರುವ ನಮಗೆ ಇದರಿಂದ ಪ್ರಯೋಜನವೇನು? ನಮ್ಮ ಬೀದಿಗಳಲ್ಲಿ ಗಜನಿಯಿಲ್ಲ, ಜಂತ್ರಡಿಯಿಲ್ಲ. ಆದರೆ ಒಂದೇ ಗೋಡೆಯ ಆಚೆಗೆ ಈಚೆಗೆ ಇರುವ ಎರಡು ಮನೆಗಳವರು ಹೆಸರು ತಿಳಿಯದೆ ವರ್ಷಗಳನ್ನು ಕಳೆಯುವುದುಂಟು. ನಮ್ಮ ನಡುವೆ ಕೂಡಿ ಮಾಡತಕ್ಕ ಕೆಲಸವೊಂದೂ ಇಲ್ಲದಿರುವುದೇ ಇದಕ್ಕೆ ಕಾರಣವೆಂದು ಬಾಳೆಗುಳಿಯ ಸುತ್ತಣ ಹಳ್ಳಿಗಳನ್ನು ನೋಡಿದಾಗ ನಮಗೆ ತೋರುವುದು. ಕೆರೆಯ ಹೂಳೋ, ಬೀದಿಯ ಮರವೋ, ವಾಚನಾಲಯವೋ, ಎಲ್ಲರೂ ಕೈಹಚ್ಚಬೇಕಾದ ಯಾವುದಾದರೊಂದು ಕೆಲಸವನ್ನು ನಾವು ಹುಡುಕಿಕೊಳ್ಳಬೇಕು. ಗಜನಿಯ ರೈತನು ಕಟ್ಟು ಒಡೆದ ಮೇಲೆ ನೆರೆಯವನ ಹೆಸರನ್ನು ಕೇಳುತ್ತ ಹೋಗುವುದಿಲ್ಲ. ಮಳೆಗೆ ಮೊದಲೇ ಅವನೊಡನೆ ಮಣ್ಣು ಹೊತ್ತಿರುತ್ತಾನೆ.