ಹಂದಿ ರೂಪಾಯಿಯೂ ನನ್ನ ಥಂಬ್ಸ್ ಅಪ್ಪೂ

ವಿಜಯನಗರ ಮೆಟ್ರೋ ಸ್ಟೇಷನ್ ಕೆಳಗೆ ನಿಂತು, ಯುಪಿಐನಲ್ಲಿ 5,500 ರೂಪಾಯಿ ಕಳಿಸಿ, ಒಂದು ರೂಪಾಯಿ ಕೊಂಡೆ. ಆಫೀಸಲ್ಲಿ ಹೀಗೆ ಹೇಳಿದಾಗ ಎಲ್ಲರೂ ನಕ್ಕರು.

ಅದು ಐದನೇ ಜಾರ್ಜ್ ದೊರೆಯ 1911ರ ಬೆಳ್ಳಿ ರೂಪಾಯಿ. ಅವನ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯ ಚಿತ್ರವಿದೆ. ಸೊಂಡಿಲು ಎಷ್ಟು ಮೋಟು, ಕಾಲು ಎಷ್ಟು ಗಿಡ್ಡ ಅಂದ್ರೆ ನೋಡಿದವರಿಗೆ ಅದು ಹಂದಿಯಂತೆ ಕಂಡಿತು. ಜನ ಸಿಟ್ಟಾದರು. ಸರ್ಕಾರ ನಾಣ್ಯದ ವಿತರಣೆ ನಿಲ್ಲಿಸಿತು, ಬಹುಪಾಲು ಕರಗಿಸಿತು. 1912ರಿಂದ ಸೊಂಡಿಲು ತಿದ್ದಿದ ಆನೆ ಬಂತು. ಸಂಗ್ರಾಹಕರು ಇದನ್ನು ‘ಹಂದಿ ರೂಪಾಯಿ’ ಅಂತಲೇ ಕರೆಯೋದು. ಎರಡು ವರ್ಷ ಇಟ್ಟುಕೊಂಡು ಒಳ್ಳೆ ಬೆಲೆಗೆ ಮಾರೋಣ ಅನ್ನೋ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಬಸವೇಶ್ವರನಗರದ ಮನೆಗೆ ಬಂದು ಅಮ್ಮನ ಕೈಗಿಟ್ಟೆ. ಅಮ್ಮ ದೊರೆಯ ಮುಖವನ್ನೂ ನೋಡಲಿಲ್ಲ, ಹಂದಿಯನ್ನೂ ನೋಡಲಿಲ್ಲ. ಹೆಬ್ಬೆರಳಿಂದ ಅಂಚು ಸವರಿದಳು.

“ಇದು ಸರದ್ದು ಕಣೋ. ನಮ್ಮಜ್ಜಿ ಕತ್ತಲ್ಲೂ ಇಂಥವೇ ಇದ್ವು. ಕೊಂಡಿ ಕಿತ್ತು ಅರ ಹಾಕಿದ್ದಾರೆ ನೋಡು.”

ನೋಡಿದೆ. ಗಡಿಯಾರದಲ್ಲಿ ಹನ್ನೆರಡು ಇರುವ ಜಾಗದಲ್ಲಿ, ಕಿರೀಟದ ನೇರಕ್ಕೆ, ಅಂಚಿನ ಗೀರುಗಳು ಅಳಿಸಿಹೋಗಿ ಅರ್ಧ ಅಕ್ಕಿಕಾಳಿನಷ್ಟು ನುಣುಪಾಗಿತ್ತು. ಒಮ್ಮೆ ಕಂಡ ಮೇಲೆ ನಾಣ್ಯದಲ್ಲಿ ಬೇರೇನೂ ಕಾಣಿಸದು.

ಮಾರನೇ ದಿನ ರಾಜಾಜಿನಗರದಲ್ಲಿರುವ ಪರಿಚಯದ ಮೇಷ್ಟ್ರ ಹತ್ತಿರ ಹೋದೆ. ನಿವೃತ್ತರು, ನಲವತ್ತು ವರ್ಷದಿಂದ ನಾಣ್ಯ ಕೂಡಿಡುತ್ತಿರುವವರು. ಅವರು ಮೊದಲು ತೂಗಿದರು. ಆ ಕಾಲದ ರೂಪಾಯಿ 11.66 ಗ್ರಾಂ ಇರಬೇಕು. ನನ್ನದು ಕೂದಲೆಳೆಯಷ್ಟು ಕಡಿಮೆ. “ನಕಲಿ ಅಲ್ಲ. ಆದ್ರೆ ತಕ್ಕಡಿಗೆ ಕೊಂಡಿ ಗೊತ್ತಾಗಲ್ಲಪ್ಪ, ಕಣ್ಣಿಗೇ ಗೊತ್ತಾಗ್ಬೇಕು” ಅಂದರು.

ಆಮೇಲೆ ಅವರು ಹೇಳಿದ್ದು ನನಗೆ ಮೊದಲೇ ಗೊತ್ತಿರಬೇಕಿತ್ತು. ಗ್ರೇಡ್ ಅಳೆಯುವುದು ಮುಖ್ಯವಾಗಿ ಸವೆತವನ್ನು. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಮಾಡಿದ 1ರಿಂದ 70ರ ಅಳತೆಯೇ ಇವತ್ತಿಗೂ ನಡೆಯುತ್ತಿದೆ. ಅದರಲ್ಲಿ ‘ಗುಡ್’ ಅಂದರೆ ಬರೀ 4ರಿಂದ 6, ಅಂದರೆ ಚಿತ್ರ ಸವೆದು ಬಹುತೇಕ ಚಪ್ಪಟೆ! ‘ವೆರಿ ಫೈನ್’ 20ರಿಂದ ಶುರು. ಆದರೆ ಬೆಸುಗೆ, ತೂತು, ಅರದ ಗುರುತು, ಉಜ್ಜಿ ತೊಳೆದದ್ದು ಇವೆಲ್ಲ ಸವೆತವಲ್ಲ, ಗಾಯ. ಗಾಯವಾದ ನಾಣ್ಯಕ್ಕೆ ಗ್ರೇಡಿಂಗ್ ಕಂಪನಿಗಳು ಸಾಮಾನ್ಯವಾಗಿ ಅಂಕಿ ಕೊಡುವುದಿಲ್ಲ. ‘ವಿಎಫ್ ಡೀಟೇಲ್ಸ್’ ಎಂದು ಬರೆದು, ಪಕ್ಕದಲ್ಲಿ ಕಾರಣ ಹಾಕುತ್ತವೆ. ಮುಖ ಎಷ್ಟೇ ಚೆನ್ನಾಗಿದ್ದರೂ ಬೆಲೆ ಬಿದ್ದುಹೋಗುತ್ತದೆ.

ಅಮೆರಿಕಕ್ಕೇ ಕಳಿಸಿ ಖಾತ್ರಿ ಮಾಡಿಕೊಳ್ಳಲೇ ಅಂತ ಕೇಳಿದೆ. ಮೇಷ್ಟ್ರು ಗದರಿದರು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ನಾವು ನೀವು ವಿದೇಶಕ್ಕೆ ಪೋಸ್ಟ್ ಮಾಡುವಂತಿಲ್ಲ.

ಸಹೋದ್ಯೋಗಿಯೊಬ್ಬಳು ಕನ್ಸ್ಯೂಮರ್ ಕೋರ್ಟಿಗೆ ಹಾಕು ಅಂದಳು. 2019ರ ಗ್ರಾಹಕ ರಕ್ಷಣಾ ಕಾಯ್ದೆ ತೆಗೆದು ಓದಿದೆ. ಮರುಮಾರಾಟಕ್ಕೆಂದು ಕೊಂಡವನು ಆ ಕಾಯ್ದೆಯಲ್ಲಿ ಗ್ರಾಹಕನೇ ಅಲ್ಲ. ಎರಡು ವರ್ಷದ ನನ್ನ ಲೆಕ್ಕಾಚಾರ ನೆನಪಾಗಿ ಕೆಳಗಿಟ್ಟೆ.

ರಾತ್ರಿ, ಮಾರಿದವನನ್ನು ಬೈಯಲು ವಾಟ್ಸಾಪ್ ತೆರೆದೆ. ಅವನ ಮೆಸೇಜು ಅಲ್ಲೇ ಇತ್ತು: “ವಿಎಫ್ ಸಾರ್. ರಿಮ್ ಮೇಲೆ ಸಣ್ಣ ಮಾರ್ಕ್ ಇದೆ. ಫೋಟೋ ನೋಡಿ ತಗೊಳ್ಳಿ.” ಅದರ ಕೆಳಗೆ ನನ್ನ ಉತ್ತರ, ಒಂದು ಥಂಬ್ಸ್ ಅಪ್. ನಾಲ್ಕು ಫೋಟೋ ಕಳಿಸಿದ್ದ. ಮೂರನೆಯದನ್ನು ಝೂಮ್ ಮಾಡಿದೆ. ಹನ್ನೆರಡು ಗಂಟೆಯ ಜಾಗ ಸ್ಪಷ್ಟವಾಗಿ ಕಾಣುತ್ತಿತ್ತು. ಅವತ್ತು ನಾನು ಹಂದಿಯನ್ನು ಮಾತ್ರ ಝೂಮ್ ಮಾಡಿದ್ದೆ.

ಕೊಂಡಿ ತೆಗೆದ ಗುರುತನ್ನು ‘ಸಣ್ಣ ಮಾರ್ಕ್’ ಅಂದದ್ದು ಪ್ರಾಮಾಣಿಕತೆ ಅಂತ ಈಗಲೂ ನಾನು ಒಪ್ಪಲ್ಲ. ಅವನಿಗೆ ಗೊತ್ತಿದ್ದೇ ಇರುತ್ತದೆ. ಆದರೆ “ಎಂಥ ಮಾರ್ಕು? ಅಂಚಿನ ಫೋಟೋ ಹಾಕಿ” ಅಂತ ಒಂದು ಸಾಲು ಟೈಪ್ ಮಾಡಲು ನನಗೇನು ಕೈ ನೋಯುತ್ತಿತ್ತೇ? ಬೇರೆ ಯಾರಾದರೂ ತಗೊಂಡುಬಿಟ್ಟಾರು ಅನ್ನೋ ಅವಸರ ಅಷ್ಟೇ. ಬೈಯಲು ಟೈಪ್ ಮಾಡಿದ್ದನ್ನು ಅಳಿಸಿದೆ.

ಕಳೆದ ತಿಂಗಳು ಕೆಂಗೇರಿಯಿಂದ ಒಬ್ಬ ಹುಡುಗ ಇದೇ ನಾಣ್ಯ ಕೇಳಿಕೊಂಡು ಬಂದ. ಕವರಿನ ಮೇಲೆ ಬರೆದಿಟ್ಟಿದ್ದೆ: ‘ವಿಎಫ್ ಡೀಟೇಲ್ಸ್. ಕೊಂಡಿ ತೆಗೆದಿದೆ, ಅರ ಹಾಕಿದೆ. 12 ಗಂಟೆ.’ ಬರೆಯದೇ ಇದ್ದಿದ್ದರೆ ಅವನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಹಾಗೆ ಯೋಚಿಸಿದ್ದಂತೂ ನಿಜ, ಒಂದು ಸಂಜೆ ಪೂರ್ತಿ.

ಅವನು ಚೀಟಿ ಓದಿದ. ಭೂತಗನ್ನಡಿ ಕೇಳಿ ಪಡೆದ. ಮುಖ ಬಿಟ್ಟು ಮೊದಲು ಅಂಚನ್ನೇ ಸುತ್ತ ತಿರುಗಿಸಿ ತಿರುಗಿಸಿ ನೋಡಿದ. ನಾನು 2,500 ಹೇಳಿದ್ದೆ.

“ಸಾರ್, ಆರು ಗಂಟೆ ಹತ್ರಾನೂ ಒಂದು ಗೀರಿದೆ. ಇನ್ನೂರು ಕಮ್ಮಿ ಮಾಡ್ಕೊಳ್ಳಿ.”

ಆ ಗೀರು ನನಗೆ ಕಂಡೇ ಇರಲಿಲ್ಲ. ಕಮ್ಮಿ ಮಾಡಿಕೊಂಡೆ.