ಮೈಸೂರಿಗೆ ಓಡುತ್ತೆ, ಬೆಂಗಳೂರಿಗೆ ಬೀಳುತ್ತೆ

ಸಿ ಲ್ಯಾಬ್‌ನಲ್ಲಿ ನಾವೆಲ್ಲ ಬರೆಯುವ ಒಂದು ಪ್ರೋಗ್ರಾಂ ಇದೆ. ಒಂದು ಸ್ಟ್ರಿಂಗ್ ತಗೊಂಡು, ಅದು ಹಿಡಿಸುವಷ್ಟು ಜಾಗವನ್ನ ಮ್ಯಾಲೊಕ್‌ನಿಂದ ಪಡೆದು, ಸ್ಟ್ರ್‌ಕಾಪಿ ಮಾಡಿ, ಕೊನೆಗೆ ಫ್ರೀ ಮಾಡೋದು. ಎಷ್ಟು ಜಾಗ ಕೇಳಬೇಕು? ಸ್ಟ್ರ್‌ಲೆನ್ ಕೊಟ್ಟ ಸಂಖ್ಯೆಗೆ ಒಂದು ಕೂಡಿಸಿ ಕೇಳಬೇಕು. ಸ್ಟ್ರಿಂಗ್‌ನ ಕೊನೆಯಲ್ಲಿ ಒಂದು ಸೊನ್ನೆ ಬೈಟ್ ಇರುತ್ತೆ, ಸ್ಟ್ರ್‌ಲೆನ್ ಅದನ್ನ ಎಣಿಸಲ್ಲ. ಈ ‘ಒಂದು’ ಬಿಟ್ಟುಹೋದರೆ ಏನಾಗುತ್ತೆ? ಹೆಚ್ಚಿನ ಸಲ ಏನೂ ಆಗಲ್ಲ. ಔಟ್‌ಪುಟ್ ಸರಿಯಾಗಿ ಬರುತ್ತೆ, ರೆಕಾರ್ಡ್‌ಗೆ ಸೈನೂ ಬೀಳುತ್ತೆ. ಏನೂ ಆಗದೇ ಇರೋದು ಹೇಗೆ ಅಂತ ನೋಡೋಣ. ನಿಜವಾದ ಅಪಾಯ ಇರೋದು ಅಲ್ಲೇ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ. ಎಷ್ಟು ಬೈಟ್ ಬೇಕು ಅಂತ ಮ್ಯಾಲೊಕ್‌ಗೆ ಹೇಳ್ತೀವಿ. ಫ್ರೀಗೆ ಮಾತ್ರ ಬರೀ ಪಾಯಿಂಟರ್ ಕೊಡ್ತೀವಿ. ಎಷ್ಟು ಜಾಗ ವಾಪಸ್ ತಗೋಬೇಕು ಅಂತ ಅದಕ್ಕೆ ಯಾರು ಹೇಳಿದ್ರು? ಕರ್ನಲ್ ಅಂತೂ ಅಲ್ಲ. ಕರ್ನಲ್ ದೊಡ್ಡ ತುಂಡೊಂದನ್ನ ಕೊಟ್ಟು ಸುಮ್ಮನಾಗುತ್ತೆ. ಅದನ್ನ ಚೂರು ಮಾಡಿ ಹಂಚೋದು ನಮ್ಮ ಪ್ರೋಗ್ರಾಂ ಜೊತೆಗೇ ಓಡುವ ಸಿ ಲೈಬ್ರರಿಯ ಕೆಲಸ. ಮಂಡಿಯಿಂದ ಮೂಟೆ ತಂದು ಕಾಲು ಕೆಜಿ, ಅರ್ಧ ಕೆಜಿ ಕಟ್ಟಿಕೊಡುವ ದಿನಸಿ ಅಂಗಡಿ ಥರ. ಈ ಅಂಗಡಿಯವನು ತೂಕವನ್ನ ಬೇರೆ ಪುಸ್ತಕದಲ್ಲಿ ಬರೆದಿಡಲ್ಲ, ಪೊಟ್ಟಣದ ಮೇಲೇ ಬರೀತಾನೆ.

ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಗ್ಲಿಬ್‌ಸಿ ಲೈಬ್ರರಿಯನ್ನೇ ತಗೊಳ್ಳಿ. ಅದರ ಮ್ಯಾಲೊಕ್‌ನ ಮೂಲ, ಡಗ್ ಲೀ 1987ರಲ್ಲಿ ಬರೆಯೋಕೆ ಶುರು ಮಾಡಿದ ಅಲೊಕೇಟರ್. 64 ಬಿಟ್ ಮೆಷಿನ್‌ನಲ್ಲಿ ನಮ್ಮ ಕೈಗೆ ಬರುವ ಪಾಯಿಂಟರ್‌ಗೆ ಸರಿಯಾಗಿ 8 ಬೈಟ್ ಹಿಂದೆ ಆ ತುಂಡಿನ ಅಳತೆ ಬರೆದಿರುತ್ತೆ. ಫ್ರೀ ಮಾಡೋದು ಇಷ್ಟೇ: 8 ಬೈಟ್ ಹಿಂದೆ ಹೋಗಿ ಓದೋದು, ಓದಿದ್ದನ್ನ ನಂಬೋದು.

ಅಳತೆ ಯಾವಾಗಲೂ 16ರ ಗುಣಕ, ಕನಿಷ್ಠ 32. ನಾವು ಕೇಳಿದ್ದಕ್ಕೆ 8 ಸೇರಿಸಿ, ಮೇಲಿನ 16ರ ಗುಣಕಕ್ಕೆ ಏರಿಸ್ತಾರೆ. ಹಾಗಾಗಿ 18 ಬೈಟ್ ಕೇಳಿದರೂ 24 ಕೇಳಿದರೂ ಸಿಗೋದು 32ರ ತುಂಡೇ. ಅದರಲ್ಲಿ ನಾವು ಬಳಸಬಹುದಾದದ್ದು 24 ಬೈಟ್. 25 ಕೇಳಿದರೆ ತುಂಡು 48ಕ್ಕೆ ಏರುತ್ತೆ, ಬಳಕೆಗೆ 40 ಸಿಗುತ್ತೆ. 16ರ ಗುಣಕ ಆದ್ದರಿಂದ ಅಳತೆಯ ಕೊನೆಯ ನಾಲ್ಕು ಬಿಟ್‌ಗಳು ಹೇಗೂ ಸೊನ್ನೆ. ಜಾಗ ಯಾಕೆ ವೇಸ್ಟ್ ಅಂತ, ‘ನನ್ನ ಹಿಂದಿನ ತುಂಡು ಬಳಕೆಯಲ್ಲಿದೆ’ ಅನ್ನೋ ಗುರುತನ್ನ ಕಟ್ಟಕಡೆಯ ಬಿಟ್‌ನಲ್ಲಿ ಇಟ್ಟಿದ್ದಾರೆ. ಅದಕ್ಕೇ 32ರ ತುಂಡಿನ ಅಳತೆ ಮೆಮೊರಿಯಲ್ಲಿ 33 ಅಂತ ಕಾಣುತ್ತೆ.

ಈಗ ಊರುಗಳಿಗೆ ಬರೋಣ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರದ ನಡುವಿನ ಹಲಂತ ಎಲ್ಲವೂ ಪ್ರತ್ಯೇಕ ಸಂಕೇತಗಳು. ‘ಮೈಸೂರು’ ಆರು ಸಂಕೇತ, 18 ಬೈಟ್. ಒಂದು ಕೂಡಿಸದೆ 18 ಕೇಳಿ 19 ಬರೆದರೂ 24ರ ಒಳಗೇ ಉಳೀತು. ‘ಮಂಗಳೂರು’, ‘ತುಮಕೂರು’ 21 ಬೈಟ್, ಅವೂ ಪಾರು. ‘ಬೆಂಗಳೂರು’ ಎಂಟು ಸಂಕೇತ, ಸರಿಯಾಗಿ 24 ಬೈಟ್. ಕೊನೆಯ ಸೊನ್ನೆ 25ನೇ ಬೈಟ್. ಅದು ಬೀಳೋದು ಪಕ್ಕದ ತುಂಡಿನ ಅಳತೆಯ ಮೇಲೆ. ದಾವಣಗೆರೆ, ಬಾಗಲಕೋಟೆಯ ಕಥೆಯೂ ಇದೇ. ‘ಹುಬ್ಬಳ್ಳಿ’ 27 ಬೈಟ್, ಇನ್ನೂ ಉದ್ದ. ಆದರೆ ಅದಕ್ಕೆ 48ರ ತುಂಡು ಸಿಗೋದರಿಂದ ಸೇಫ್. ‘ಬೆಂಗಳೂರು ನಗರ’ ಅಂತ ಬರೆದರೂ ಸೇಫ್! ಇಂಥ ಬಗ್‌ನ ಟೆಸ್ಟ್ ಮಾಡಿ ಹಿಡಿಯೋದು ಎಷ್ಟು ಕಷ್ಟ ಅಂತ ಇಲ್ಲೇ ಗೊತ್ತಾಗುತ್ತೆ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಟೆಸ್ಟ್ ಮಾಡಿದವರಿಗೆ ಬೆಂಗಳೂರು ಬರೀ 9 ಬೈಟ್.

ಮಾಡಿ ನೋಡಬೇಕು ಅಂದ್ರೆ, ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ. ಮೊದಲು ಎರಡು ಮ್ಯಾಲೊಕ್, ಆಮೇಲೆ ಎರಡು ಕಾಪಿ: ಮೊದಲನೆಯದಕ್ಕೆ ಬೆಂಗಳೂರು, ಎರಡನೆಯದಕ್ಕೆ ಮೈಸೂರು. ಪ್ರಿಂಟ್ ಮಾಡಿ, ಎರಡೂ ಹೆಸರು ಸರಿಯಾಗೇ ಬರುತ್ತೆ. ಬೆಂಗಳೂರನ್ನ ಫ್ರೀ ಮಾಡಿ, ಅದೂ ಸಲೀಸು. ಮೈಸೂರನ್ನ ಫ್ರೀ ಮಾಡಿದ ತಕ್ಷಣ ಪಾಯಿಂಟರ್ ಸರಿಯಿಲ್ಲ ಅಂತಲೋ ಅಳತೆ ಸರಿಯಿಲ್ಲ ಅಂತಲೋ ಬೈದು ಪ್ರೋಗ್ರಾಂ ನಿಂತುಹೋಗುತ್ತೆ. 33 ಇದ್ದ ಕಡೆ ಸೊನ್ನೆ ಕೂತಿರುತ್ತಲ್ಲ! ತಪ್ಪು ಬೆಂಗಳೂರಿನದು, ಸಿಕ್ಕಿಬೀಳೋದು ಮೈಸೂರು. ಡಿಬಗರ್ ತೋರಿಸುವ ಸಾಲಿನಲ್ಲಿ ಯಾವ ದೋಷವೂ ಇಲ್ಲ. ಎರಡನೇ ಮ್ಯಾಲೊಕ್‌ಗೂ ಮೊದಲೇ ಬೆಂಗಳೂರನ್ನ ಕಾಪಿ ಮಾಡಿಬಿಟ್ಟರೆ ಇಷ್ಟೂ ಕಾಣಲ್ಲ. ಹೊಡೆತ ಇನ್ನೂ ಹಂಚದ ಉಳಿಕೆ ಜಾಗದ ಅಳತೆಗೆ ಬೀಳುತ್ತೆ, ಪರಿಣಾಮ ಎಷ್ಟೋ ಹೊತ್ತಿನ ಮೇಲೆ ಗೊತ್ತಾಗುತ್ತೆ.

ಪ್ರೋಗ್ರಾಂ ನಿಂತುಹೋದರೆ ಅದೃಷ್ಟ ಅಂತಲೇ ನಾವು ಹೇಳ್ತೀವಿ. ಪಕ್ಕದ ತುಂಡು 256ರದ್ದು ಅಂತ ಇಟ್ಕೊಳ್ಳಿ. ಅಲ್ಲಿ ಬರೆದಿರೋದು 257. ಕೆಳಗಿನ ಬೈಟ್ ಸೊನ್ನೆಯಾದರೆ 256. ಅಳತೆಗೆ ಏನೂ ಆಗಿಲ್ಲ, ಆದರೆ ‘ಹಿಂದಿನ ತುಂಡು ಬಳಕೆಯಲ್ಲಿದೆ’ ಅನ್ನೋ ಗುರುತು ಅಳಿಸಿಹೋಗಿದೆ. ಮುಂದೆ ಅಲೊಕೇಟರ್ ಆ ಹಿಂದಿನ ತುಂಡು ಖಾಲಿ ಅಂತ ನಂಬಿ, ಎರಡನ್ನೂ ಸೇರಿಸಿ ಬೇರೆಯವರಿಗೆ ಕೊಟ್ಟುಬಿಡಬಹುದು. ಒಂದೇ ಜಾಗಕ್ಕೆ ಇಬ್ಬರು ಮಾಲೀಕರು. ಇದನ್ನ ತಡೆಯೋಕೆ ಹೊಸ ಆವೃತ್ತಿಗಳಲ್ಲಿ ತಪಾಸಣೆ ಹೆಚ್ಚಿಸಿದ್ದಾರೆ, ಆದರೂ ಬೇಕಂತಲೇ ಡೇಟಾ ಜೋಡಿಸಿಟ್ಟವರಿಗೆ ಅಷ್ಟೂ ಕಷ್ಟವಲ್ಲ. 2014ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಗ್ಲಿಬ್‌ಸಿ ಒಳಗೇ ಇಂಥದ್ದೊಂದು ಸೊನ್ನೆ ಬೈಟ್ ದೋಷವನ್ನ ಹಿಡಿದು, ಅದನ್ನ ಬಳಸಿ ಸಾಮಾನ್ಯ ಯೂಸರ್ ಒಬ್ಬ ರೂಟ್ ಆಗೋದನ್ನ ಮಾಡಿ ತೋರಿಸಿತು.

ಹಿಡಿಯೋಕೆ ದಾರಿ ಇದೆ. ಜಿಸಿಸಿಯಲ್ಲಿ ಅಡ್ರೆಸ್ ಸ್ಯಾನಿಟೈಸರ್ ಆನ್ ಮಾಡಿ ಕಂಪೈಲ್ ಮಾಡಿದರೆ ಅದು ಪ್ರತಿ ತುಂಡಿನ ಆಚೀಚೆ ನಿಷೇಧಿತ ಪಟ್ಟಿ ಬಿಟ್ಟು, 24ರ ಲೆಕ್ಕ ನೋಡದೆ ನಾವು ಕೇಳಿದಷ್ಟಕ್ಕೇ ಗೆರೆ ಎಳೆಯುತ್ತೆ. ಆಗ ಮೈಸೂರಿನ 19ನೇ ಬೈಟೂ ಕಾಪಿ ಮಾಡುವ ಸಾಲಿನಲ್ಲೇ ಸಿಕ್ಕಿಬೀಳುತ್ತೆ. ಮತ್ತೆ ಕಂಪೈಲ್ ಮಾಡೋಕೆ ಆಗದಿದ್ದರೆ ವ್ಯಾಲ್‌ಗ್ರೈಂಡ್ ಇದೆ, ನಿಧಾನ ಅಷ್ಟೇ. ಸುಮ್ಮನೆ ಒಂದು ನಕಲು ಬೇಕಿದ್ದರೆ ಸ್ಟ್ರ್‌ಡಪ್ ಸಾಕು, ಆ ‘ಒಂದು’ ಕೂಡಿಸುವ ಕೆಲಸವನ್ನ ಅದೇ ಮಾಡಿಕೊಳ್ಳುತ್ತೆ. ಫ್ರೀ ಮಾಡೋದು ಮಾತ್ರ ನಿಮ್ಮ ಪಾಲಿಗೆ.